ರಹದಾರಿ, ಸುಂಕ, ಹಣ: ಧರ್ಮಪುರಿಯ ಗಡಿಕಥೆ

ಪರದೇಶದಲ್ಲಿ ನೆಲೆಸಿದ ನಮ್ಮ ಮಕ್ಕಳು ವೀಸಾ, ವಾಸದ ಪರವಾನಗಿ, ಬ್ಯಾಂಕ್ ಖಾತೆ ಎಂದು ದೂರವಾಣಿಯಲ್ಲಿ ತೋಡಿಕೊಳ್ಳುವ ತಾಪತ್ರಯಗಳು ಈ ಕಾಲದ ಕಷ್ಟಗಳೆಂದೇ ತೋರುತ್ತವೆ. ಧರ್ಮಪುರಿಯ ಇತಿಹಾಸ ಬಲ್ಲವರಿಗೆ ಅವು ಹೊಸವಲ್ಲ. ಮಕ್ಕಳು ತಾವಾಗಿ ಗಡಿ ದಾಟಿದರು. ನಮ್ಮ ಹಿರಿಯರಲ್ಲಿ ಅನೇಕರು ಮನೆಯಂಗಳ ಬಿಟ್ಟು ಕದಲದೆಯೇ ಬೇರೊಂದು ಸೀಮೆಯವರಾದರು.

ಊರಿನ ಹಳೆಯ ಹೆಸರು ತಗಡೂರು. ನೊಳಂಬ ದೊರೆ ಮಹೇಂದ್ರನ ಕಾಲದ, ಶಕ 815ರ (ಕ್ರಿ.ಶ. 893) ಕನ್ನಡ ಶಾಸನವೊಂದು ಇಲ್ಲಿ ದೊರೆತಿದೆ. ವರ್ತಕ ಮನೆತನದ ನಿಧಿಯಣ್ಣ, ಚಂದಿಯಣ್ಣ ಎಂಬ ಸೋದರರು ತಗಡೂರಿನಲ್ಲಿ ಬಸದಿ ಕಟ್ಟಿಸಿದ್ದನ್ನು ಅದು ತಿಳಿಸುತ್ತದೆ. ನೊಳಂಬರ ರಾಜಧಾನಿ ಹೆಂಜೇರು ಈಗ ಆಂಧ್ರದಲ್ಲಿದೆ. ಅಂದು ಅಲ್ಲಿಂದ ಇಲ್ಲಿಯವರೆಗೆ ಒಂದೇ ಆಳ್ವಿಕೆ.

ಗಡಿಯ ನಿಜವಾದ ಕಥೆ 1792ರ ಮಾರ್ಚ್‌ನಲ್ಲಿ ಆರಂಭವಾಗುತ್ತದೆ. ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಕಂಪನಿಗೆ ಬಿಟ್ಟುಕೊಟ್ಟನು. ಅಲೆಕ್ಸಾಂಡರ್ ರೀಡ್ ಆಡಳಿತಾಧಿಕಾರಿಯಾಗಿ ಬಂದನು. ಅವನ ಸಹಾಯಕ ಥಾಮಸ್ ಮನ್ರೋ ಧರ್ಮಪುರಿಯಲ್ಲೇ ಬಿಡಾರ ಹೂಡಿದನು. ಮುಂದಿನ ಏಳು ವರ್ಷ ರಾಯಕೋಟೆ ಕಂಪನಿಯದು, ಘಟ್ಟದ ಮೇಲಿನ ಹೊಸೂರು ಟಿಪ್ಪುವಿನದು. ಹೊಸೂರಿಗೆ ಹೆಣ್ಣು ಕೊಟ್ಟ ಮನೆಯವರ ಪಾಲಿಗೆ ಬೀಗರೂರು ಶತ್ರುರಾಜ್ಯವಾಯಿತು!

ರಹದಾರಿ ಎಂಬ ಪರ್ಷಿಯನ್ ಮಾತು ಮೊದಲು ದಾರಿಸುಂಕದ ಹೆಸರಾಗಿತ್ತು. ನಮ್ಮಲ್ಲಿ ಅದೇ ಪ್ರಯಾಣಪತ್ರದ ಹೆಸರೂ ಆಯಿತು. ಸುಂಕ ತೆತ್ತವನಿಗೆ ದಾರಿ ಎಂಬ ಹಳೆಯ ವ್ಯವಸ್ಥೆಯನ್ನು ಆ ಒಂದು ಪದ ಇಂದಿಗೂ ಹೊತ್ತುಕೊಂಡಿದೆ. ಬಾರಾಮಹಲಿನ ಕಂಪನಿ ದಾಖಲೆಗಳಲ್ಲಿ ತೆರಿಗೆ ಸುಂಕಗಳಿಗೇ ಒಂದು ಪ್ರತ್ಯೇಕ ಸಂಪುಟವಿದೆಯೆಂದರೆ ಆ ಬಾಬತ್ತು ಎಷ್ಟು ಕವಲೊಡೆದಿತ್ತೆಂದು ಊಹಿಸಬಹುದು.

ಸುಂಕಕ್ಕಿಂತಲೂ ತೊಡಕಾದದ್ದು ನಾಣ್ಯ. ಮೈಸೂರು ಸೀಮೆಯಲ್ಲಿ ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯಿ ಹಣ ಚಿನ್ನದ ಪುಟ್ಟ ನಾಣ್ಯ. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ. ಆ ವರಹವೋ ಲೆಕ್ಕದ ಪುಸ್ತಕದಲ್ಲಿ ಇತ್ತೇ ಹೊರತು ಕೈಗೆ ಸಿಗುವಂಥದಲ್ಲ. ಮದರಾಸಿನ ಹಣ ಬೆಳ್ಳಿಯದು. ಅಂಥ 42 ಸೇರಿದರೆ ಒಂದು ನಕ್ಷತ್ರ ವರಹ. ಹೆಸರು ಒಂದೇ, ಲೋಹ ಬೇರೆ, ಬೆಲೆ ಬೇರೆ. ನಡುವೆ ಕುಳಿತ ಸರಾಫನು ನಾಣ್ಯವನ್ನು ತೂಗಿ, ಒರೆಹಚ್ಚಿ, ತನ್ನ ವಟ್ಟವನ್ನು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದನು. ದೊಡ್ಡ ವರ್ತಕರಿಗೆ ಹುಂಡಿಯ ಅನುಕೂಲವಿತ್ತು. ಎರಡು ಎತ್ತು ಮಾರಿ ಬಂದ ರೈತನಿಗೆ ಸರಾಫನ ಮಾತೇ ಪ್ರಮಾಣ. ವಿದೇಶದಿಂದ ಹಣ ಕಳುಹಿಸುವಾಗ ಇಂದು ಕಡಿತವಾಗುವ ಶುಲ್ಕವನ್ನು ಕಂಡಾಗಲೆಲ್ಲ ನನಗೆ ಆ ವಟ್ಟ ನೆನಪಾಗುತ್ತದೆ. 1818ರಲ್ಲಿ ಮದರಾಸು ಸರ್ಕಾರ ವರಹಕ್ಕೆ ಮೂರೂವರೆ ರೂಪಾಯಿಯಂತೆ ಲೆಕ್ಕ ಹಿಡಿದು ಬೆಳ್ಳಿ ರೂಪಾಯಿಯನ್ನೇ ಪ್ರಮಾಣವೆಂದಿತು. 1835ರಲ್ಲಿ ಕಂಪನಿಯ ಪ್ರಾಂತಗಳಿಗೆಲ್ಲ ಏಕರೂಪದ ರೂಪಾಯಿ ಬಂತು.

ಅಷ್ಟರಲ್ಲಿ ಗಡಿಯೂ ಸರಿದಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಸೀಮೆ ಕಂಪನಿಗೆ ಸೇರಿ, ಮೈಸೂರಿನ ಎಲ್ಲೆ ಅತ್ತಿಬೆಲೆಯ ಕಡೆಗೆ ಹೋಯಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂದಿತು. ಹೊಸೂರು, ಧರ್ಮಪುರಿ, ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರ ಸೇಲಂ ಮದರಾಸಿನಲ್ಲೇ ಉಳಿದವು. ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾದದ್ದು 1965ರ ಅಕ್ಟೋಬರ್ 2ರಂದು.

ಸ್ವತಂತ್ರ ಭಾರತದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಆದರೂ ಬಹುಕಾಲ ನಿಂತವನಿಗೆ ಕಾಗದ ತಪ್ಪಿದ್ದಲ್ಲ. ಧರ್ಮಪುರಿಯ ವಾಹನವನ್ನು ಬೆಂಗಳೂರಿನಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕೆಂಬುದು ಮೋಟಾರು ವಾಹನ ಕಾಯಿದೆಯ ವಿಧಿ.

2020ರಲ್ಲಂತೂ ರಹದಾರಿಯೇ ಮರಳಿ ಬಂತು. ಮಹಾಮಾರಿಯ ಲಾಕ್‌ಡೌನಿನಲ್ಲಿ ಅತ್ತಿಬೆಲೆ ದಾಟುವವರಿಗೆ ಕರ್ನಾಟಕದ ಕಡೆ ಸೇವಾಸಿಂಧು, ತಮಿಳುನಾಡಿನ ಕಡೆ ಇ-ಪಾಸ್. ಸಾವು, ಮದುವೆ, ಬಾಣಂತನಗಳಿಗೂ ಅರ್ಜಿ ಹಾಕಿ ಮೊಬೈಲಿನ ಸಂದೇಶಕ್ಕೆ ಕಾದು ಕುಳಿತವರು ಈ ಸಂಚಿಕೆಯ ಓದುಗರಲ್ಲೇ ಇದ್ದಾರು. ಆಗಸ್ಟ್ ಕೊನೆಯ ವಾರದಲ್ಲಿ ಕರ್ನಾಟಕ ತನ್ನ ನೋಂದಣಿಯನ್ನು ಕೈಬಿಟ್ಟಿತು. ಇತ್ತ ಮನೆಗೆ ಮರಳುವವರಿಗೆ ಇ-ಪಾಸ್ ಆಮೇಲೆಯೂ ಬೇಕಾಯಿತು.