ಕಾಕೋರಿಯಲ್ಲಿ ರೈಲು ನಿಂತಿದ್ದು ಯಾಕೆ?

ಫ್ರೆಂಡ್ಸ್, ಸಿನಿಮಾದಲ್ಲಿ ಟ್ರೇನ್ ದರೋಡೆ ಅಂದ್ರೆ ಕುದುರೆ, ಮುಖಕ್ಕೆ ಬಟ್ಟೆ, ಚಿನ್ನದ ಮೂಟೆ. ಇವತ್ತು ಹೇಳೋ ಕಥೆಯಲ್ಲಿ ಅದ್ಯಾವುದೂ ಇಲ್ಲ. ಟಿಕೆಟ್ ತಗೊಂಡು ಹತ್ತಿದ ಹತ್ತು ಜನ ಹುಡುಗರಿದ್ದಾರೆ.

1925ರ ಆಗಸ್ಟ್ 9, ಸಂಜೆ. ಸಹಾರನ್‌ಪುರದಿಂದ ಲಖನೌಗೆ ಹೊರಟಿದ್ದ ಪ್ಯಾಸೆಂಜರ್ ರೈಲು ಕಾಕೋರಿ ಹತ್ತಿರ ಬಂತು. ಯಾರೋ ಚೈನ್ ಎಳೆದ್ರು. ಎಳೆದವರು ರಾಜೇಂದ್ರ ಲಾಹಿರಿ. ತಂಡದ ನಾಯಕ ರಾಮ್‌ಪ್ರಸಾದ್ ಬಿಸ್ಮಿಲ್, ವಯಸ್ಸು 28. ಜೊತೆಗೆ ಅಶ್ಫಾಕುಲ್ಲಾ ಖಾನ್, 19 ವರ್ಷದ ಚಂದ್ರಶೇಖರ್ ಆಜಾದ್. ಮನ್ಮಥನಾಥ ಗುಪ್ತನಿಗಂತೂ ಬರೀ 17. ಅಂದ್ರೆ ನಮ್ಮ ಪಿಯುಸಿ ವಯಸ್ಸು!

ಇವರೆಲ್ಲ ಹಿಂದೂಸ್ತಾನ್ ರಿಪಬ್ಲಿಕನ್ ಅಸೋಸಿಯೇಷನ್‌ನವರು. 1922ರಲ್ಲಿ ಚೌರಿ ಚೌರಾ ಘಟನೆ ಆದಮೇಲೆ ಗಾಂಧೀಜಿ ಅಸಹಕಾರ ಚಳವಳಿ ನಿಲ್ಲಿಸಿದಾಗ ಬಹಳ ಯುವಕರಿಗೆ ಬೇಜಾರಾಗಿತ್ತು. ಶಸ್ತ್ರ ಹಿಡಿದೇ ಬ್ರಿಟಿಷರನ್ನ ಓಡಿಸ್ತೀವಿ ಅಂತ ಹೊರಟರು. ಆದ್ರೆ ಶಸ್ತ್ರಕ್ಕೆ ದುಡ್ಡೆಲ್ಲಿ? ದಾರಿಯುದ್ದಕ್ಕೂ ಸ್ಟೇಷನ್‌ಗಳಲ್ಲಿ ಸೇರಿದ ಹಣ ಚೀಲಗಳಲ್ಲಿ ಗಾರ್ಡ್ ಡಬ್ಬಿಯ ಕಬ್ಬಿಣದ ಪೆಟ್ಟಿಗೆಗೆ ಬೀಳುತ್ತೆ ಅನ್ನೋದು ಬಿಸ್ಮಿಲ್ ಕಣ್ಣಿಗೆ ಬಿದ್ದಿತ್ತು. ಸರ್ಕಾರದ ದುಡ್ಡು ಮಾತ್ರ ತಗೋಬೇಕು, ಪ್ರಯಾಣಿಕರನ್ನ ಮುಟ್ಟಬಾರದು. ಇದು ಪ್ಲಾನ್.

ಇಲ್ಲೊಂದು ವಿಷಯ ಪಾಠದ ಪುಸ್ತಕದಲ್ಲಿ ಅಷ್ಟಾಗಿ ಸಿಗಲ್ಲ. ಈ ಪ್ಲಾನ್ ಬೇಡ ಅಂತ ವಾದ ಮಾಡಿದವರು ಅಶ್ಫಾಕ್. ನಮ್ಮ ಸಂಘಟನೆಗೆ ಇನ್ನೂ ಬಲ ಬಂದಿಲ್ಲ, ನೇರವಾಗಿ ಸರ್ಕಾರದ ಮೇಲೆ ಕೈ ಹಾಕಿದ್ರೆ ಅದು ನಮ್ಮನ್ನ ಪೂರ್ತಿ ಮುಗಿಸಿಬಿಡುತ್ತೆ ಅನ್ನೋದು ಅವರ ಲೆಕ್ಕ. ಬೇರೆಯವರು ಒಪ್ಪಲಿಲ್ಲ. ಎಲ್ಲರೂ ತೀರ್ಮಾನ ಮಾಡಿದಮೇಲೆ ಅವರೂ ಹೊರಟರು. ಪೆಟ್ಟಿಗೆ ಒಡೆಯೋಕೆ ಆಗದೆ ಎಲ್ಲರೂ ಒದ್ದಾಡ್ತಿದ್ದಾಗ ಕೈಯಲ್ಲಿದ್ದ ಮೌಸರ್ ಪಿಸ್ತೂಲನ್ನ ಮನ್ಮಥನಾಥನಿಗೆ ಕೊಟ್ಟು, ಸುತ್ತಿಗೆ ಎತ್ತಿಕೊಂಡವರೂ ಅವರೇ.

ಆ ಪಿಸ್ತೂಲಿಂದಲೇ ಅನಾಹುತ ಆಯ್ತು. ಹದಿನೇಳರ ಹುಡುಗನ ಕೈಯಲ್ಲಿ ಅದು ಹಾರಿ, ರೈಲಿಂದ ಇಳಿದಿದ್ದ ಅಹ್ಮದ್ ಅಲಿ ಅನ್ನೋ ಪ್ರಯಾಣಿಕ ಸತ್ತರು. ಹೆಂಗಸರ ಡಬ್ಬಿಯಲ್ಲಿದ್ದ ಹೆಂಡತಿ ಹತ್ತಿರ ಹೋಗ್ತಿದ್ದರಂತೆ ಪಾಪ. ಯಾರನ್ನೂ ಮುಟ್ಟಬಾರದು ಅಂತಿದ್ದವರ ಕೈಯಲ್ಲೇ ಒಂದು ಜೀವ ಹೋಯ್ತು. ಕಾಕೋರಿ ಕಥೆ ಹೇಳುವಾಗ ಅಹ್ಮದ್ ಅಲಿಯನ್ನ ಬಿಟ್ಟು ಹೇಳೋದು ನನಗಂತೂ ಸರಿ ಅನ್ಸಲ್ಲ.

ಸಿಕ್ಕಿದ್ದು ಕೆಲವೇ ಸಾವಿರ ರೂಪಾಯಿ. ಅಲ್ಲಿ ಬಿಟ್ಟುಹೋದ ಒಂದು ಚಾದರದ ಮೇಲೆ ಬಟ್ಟೆ ಒಗೆಯುವವರು ಹಾಕೋ ಗುರುತಿತ್ತು. ಅದನ್ನ ಹಿಡ್ಕೊಂಡು ಪೊಲೀಸರು ಶಹಜಹಾನ್‌ಪುರಕ್ಕೆ ಬಂದ್ರು. ಬಿಸ್ಮಿಲ್, ಅಶ್ಫಾಕ್ ಇಬ್ಬರದೂ ಅದೇ ಊರು. ಅಶ್ಫಾಕ್ ಹೇಳಿದ್ದು ನಿಜವಾಯ್ತು: ದೇಶದ ಬೇರೆ ಬೇರೆ ಕಡೆ ಹತ್ತಾರು ಜನರ ಬಂಧನ ಆಯ್ತು.

1927ರ ಡಿಸೆಂಬರ್ 17ರಂದು ಗೋಂಡಾ ಜೈಲಲ್ಲಿ ಲಾಹಿರಿಗೆ ಗಲ್ಲು. 19ರಂದು ಗೋರಖ್‌ಪುರದಲ್ಲಿ ಬಿಸ್ಮಿಲ್, ಫೈಜಾಬಾದಲ್ಲಿ ಅಶ್ಫಾಕ್, ಅಲಹಾಬಾದಲ್ಲಿ ಠಾಕೂರ್ ರೋಷನ್ ಸಿಂಗ್. ಈ ರೋಷನ್ ಸಿಂಗ್ ಆ ದಿನ ರೈಲಲ್ಲಿ ಇರಲೇ ಇಲ್ಲ!

2021ರಲ್ಲಿ ಉತ್ತರ ಪ್ರದೇಶ ಸರ್ಕಾರ ದರೋಡೆ, ಪಿತೂರಿ ಅನ್ನೋ ಪದ ಬಿಟ್ಟು ‘ಕಾಕೋರಿ ಟ್ರೇನ್ ಆ್ಯಕ್ಷನ್’ ಅಂತ ಕರೆಯೋಕೆ ಶುರುಮಾಡಿತು. ನೀವು ಏನಂತೀರಾ, ಕಾಮೆಂಟಲ್ಲಿ ಬರೀರಿ.

ಮನ್ಮಥನಾಥನಿಗೆ ಚಿಕ್ಕ ವಯಸ್ಸು ಅಂತ ಗಲ್ಲಿನ ಬದಲು 14 ವರ್ಷ ಜೈಲಾಯ್ತು. ಮುಂದೆ ಅವರು ಲೇಖಕರಾದರು. ಆಜಾದ್ ಮಾತ್ರ ಪೊಲೀಸರ ಕೈಗೆ ಸಿಗಲೇ ಇಲ್ಲ. ಅವರ ಕಥೆ ಮುಂದಿನ ಪೋಸ್ಟಲ್ಲಿ.