ಬೆಳಕಿನ ಸೋರಿಕೆಗೂ ಒಂದು ಲೆಕ್ಕ



ರಾಜಾಜಿನಗರ, ಬಸವೇಶ್ವರನಗರಗಳಿಂದ ಯಶವಂತಪುರದ ಕಡೆಗೆ ಹೊರಟರೆ ಭಾರತೀಯ ವಿಜ್ಞಾನ ಸಂಸ್ಥೆ ದೂರವೇನಲ್ಲ. ಈ ಬಡಾವಣೆಗಳು ಹುಟ್ಟುವ ಮೊದಲೇ, 1935ರಲ್ಲಿ, ಅಲ್ಲಿ ಬಿಡಿಸಿದ ಒಂದು ಒಗಟು ಇಂದಿನ ಸಿಲಿಕಾನ್ ಚಿಪ್ಪನ್ನು ಅರಿಯಲು ನಿಮಗೆ ನೆರವಾಗುತ್ತದೆ.

1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಒಂದು ಸೋಜಿಗವನ್ನು ಕಂಡರು. ಶ್ರವಣಾತೀತ ಧ್ವನಿ ಸಾಗುತ್ತಿರುವ ದ್ರವದ ಮೂಲಕ ಬೆಳಕನ್ನು ಹಾಯಿಸಿದಾಗ, ನೇರ ಕಿರಣದ ಎರಡೂ ಪಕ್ಕಗಳಲ್ಲಿ ಹಲವು ಕಿರಣಗಳು ಮೂಡಿದವು. ಅಷ್ಟೊಂದು ಕಿರಣಗಳು ಏಕೆ? ಇದಕ್ಕೆ ಸರಳ ಉತ್ತರ ಕೊಟ್ಟವರು ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್. ಧ್ವನಿಯು ದ್ರವವನ್ನು ಒತ್ತುತ್ತ, ಸಡಿಲಿಸುತ್ತ ಸಾಗುತ್ತದೆ. ಒತ್ತಿದಲ್ಲಿ ವಕ್ರೀಭವನ ಸೂಚ್ಯಂಕ ತುಸು ಹೆಚ್ಚು. ಅಲ್ಲಿ ಬೆಳಕು ತುಸು ಹಿಂದುಳಿಯುತ್ತದೆ. ಹೀಗೆ ಸಮತಟ್ಟಾಗಿ ಒಳಹೊಕ್ಕ ಬೆಳಕಿನ ಅಲೆಮುಖ ಸುಕ್ಕುಗಟ್ಟಿ ಹೊರಬರುತ್ತದೆ. ಸುಕ್ಕುಗಳು ಸಮ ಅಂತರದಲ್ಲಿರುವುದರಿಂದ ಕೆಲವೇ ದಿಕ್ಕುಗಳಲ್ಲಿ ಅಲೆಗಳು ಕೂಡಿ ಬಲಗೊಳ್ಳುತ್ತವೆ. 1935-36ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಪ್ರಕಟವಾದ ಈ ವಿವರಣೆಯಿಂದ 'ರಾಮನ್-ನಾಥ್ ವಿವರ್ತನೆ' ಎಂಬ ಹೆಸರು ಬಂತು.

ಈಗ ಸಿಲಿಕಾನಿಗೆ ಬನ್ನಿ. 1980ರ ದಶಕದ ನಡುವಿನಲ್ಲಿ ಅಮೆರಿಕದ ರಿಚರ್ಡ್ ಸೋರೆಫ್ ಮೊದಲಾದವರು ಸಿಲಿಕಾನಿನಲ್ಲೇ ಬೆಳಕಿನ ಕಾಲುವೆಯನ್ನು, ಅಂದರೆ ವೇವ್‌ಗೈಡನ್ನು, ರೂಪಿಸಬಹುದೆಂದು ತೋರಿಸಿದರು. ದೂರಸಂಪರ್ಕದಲ್ಲಿ ಬಳಸುವ ಅವಕೆಂಪು ಬೆಳಕಿಗೆ ಸಿಲಿಕಾನ್ ಪಾರದರ್ಶಕ. ಅದರ ವಕ್ರೀಭವನ ಸೂಚ್ಯಂಕ ಸುಮಾರು 3.5; ಸುತ್ತ ಹೊದಿಸುವ ಸಿಲಿಕಾದ್ದು ಸುಮಾರು 1.44. ಈ ದೊಡ್ಡ ವ್ಯತ್ಯಾಸದಿಂದಾಗಿ ಬೆಳಕು ಪೂರ್ಣ ಆಂತರಿಕ ಪ್ರತಿಫಲನ ಹೊಂದುತ್ತ, ಸುಮಾರು ಅರ್ಧ ಮೈಕ್ರಾನ್ ಅಗಲದ ಕಾಲುವೆಯಲ್ಲಿ ಹರಿಯುತ್ತದೆ.

ಆದರೆ ಕಾಲುವೆಯ ಗೋಡೆ ಒರಟಾಗಿದ್ದರೆ, ತಿರುವು ತೀರ ಕಡಿದಾಗಿದ್ದರೆ, ಬೆಳಕು ಸೋರಿಹೋಗಿ ಸಂದೇಶ ಕ್ಷೀಣಿಸುತ್ತದೆ. ಸ್ವಲ್ಪವೂ ಸೋರದಿದ್ದರೆ ಇನ್ನೊಂದು ಕಷ್ಟ: ಒಳಗಿನ ಬೆಳಕನ್ನು ಹೊರಗಿನ ಫೈಬರಿಗೆ ತಲುಪಿಸುವುದು ಹೇಗೆ? ಒಂದು ಉಪಾಯವೆಂದರೆ, ಕಾಲುವೆಯ ಮೇಲೆ ಸಮ ಅಂತರದ ಗೆರೆಗಳನ್ನು ಕೊರೆಯುವುದು. ಪ್ರತಿ ಗೆರೆಯೂ ಸ್ವಲ್ಪ ಬೆಳಕನ್ನು ಹೊರಚೆಲ್ಲುತ್ತದೆ. ಚೆಲ್ಲಿದ ಅಲೆಗಳು ಗೊತ್ತಾದ ದಿಕ್ಕಿನಲ್ಲಿ ಕೂಡಿ ಕಿರಣವಾಗುತ್ತವೆ. ಗೆರೆಗಳ ಅಂತರವನ್ನೋ ಬೆಳಕಿನ ತರಂಗಾಂತರವನ್ನೋ ಬದಲಿಸಿದರೆ ಕಿರಣದ ಕೋನ ಬದಲಾಗುತ್ತದೆ. ನಷ್ಟವಾಗಿದ್ದ ಸೋರಿಕೆ ಹೀಗೆ ಹತೋಟಿಗೆ ಬಂದು ಉಪಯೋಗಕ್ಕೆ ಒದಗುತ್ತದೆ.

ದ್ರವದಲ್ಲಿ ಧ್ವನಿ ಮೂಡಿಸಿದ ಸುಕ್ಕು, ಸಿಲಿಕಾನಿನಲ್ಲಿ ಕೊರೆದ ಗೆರೆ: ಸಾಧನ ಬೇರೆ, ಲೆಕ್ಕದ ತಿರುಳು ಒಂದೇ. ರಾಮನ್ ಅವರಿದ್ದ ಆ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಇಂದು ಸಿಲಿಕಾನ್ ಫೋಟಾನಿಕ್ಸ್ ಸಂಶೋಧನೆ ನಡೆಯುತ್ತಿದೆ.

ನೀವೂ ಒಂದು ಪ್ರಯೋಗ ಮಾಡಿ. ಅಧ್ಯಾಪಕರ ಎದುರಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಲೇಸರ್ ಪಾಯಿಂಟರಿನ ಕಿರಣವನ್ನು ಹಳೆಯ ಸಿ.ಡಿ.ಯ ಹೊಳೆಯುವ ಮೈಮೇಲೆ ಬಿಡಿ. ಗೋಡೆಯ ಮೇಲೆ ಒಂದಲ್ಲ, ಹಲವು ಚುಕ್ಕೆಗಳು ಕಾಣುತ್ತವೆ. ಅವುಗಳ ಕೋನವನ್ನು ಅಳೆದರೆ ಸಿ.ಡಿ.ಯ ಗೆರೆಗಳ ಅಂತರವನ್ನು ನೀವೇ ಲೆಕ್ಕಹಾಕಬಹುದು.