ಹಳೇ ಓಣಿಯೂ ಹೊಸ ಮಾಳಿಗೆಯೂ



ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಷೇರು ಬಂಡವಾಳ, ಬೆಳೆಸಾಲ, ಗೊಬ್ಬರದ ಗೋದಾಮು ಇವುಗಳ ವಿಷಯ ಬೇರೆ ಪುಟಗಳಲ್ಲಿ ಬಂದಿದೆ. ನಮ್ಮ ಪಾಲಿಗೆ ಊರಿನ ಇತಿಹಾಸ ಬರೆಯುವ ಕೆಲಸ ಬಿತ್ತು. ರಾಯರ ಕಾಲದ ವೈಭವ ಬರೀರಿ ಎಂದು ಕೆಲವರು ಹೇಳಿದರು. ಆ ವೈಭವವನ್ನು ಬರೆದವರು ಬಹಳ ಮಂದಿ ಇದ್ದಾರೆ, ನಮಗಿಂತ ಚೆನ್ನಾಗಿಯೇ ಬರೆದಿದ್ದಾರೆ. ನಾವು ಆರಿಸಿಕೊಂಡಿದ್ದು ಕೋಟೆ ಓಣಿಯ ಮನೆಗಳ ವಿಷಯ. ಯಾಕಂದರೆ ಹೋದ ಎರಡು ಮಹಾಸಭೆಗಳಲ್ಲಿ ನಮ್ಮೊಳಗೆ ಜಗಳ ಆಗಿದ್ದು ಗೊಬ್ಬರಕ್ಕಲ್ಲ, ಬಡ್ಡಿಗಲ್ಲ. ಮಾಳಿಗೆ ಮೇಲೆ ಮಾಳಿಗೆ ಕಟ್ಟಬೇಕೋ ಬೇಡವೋ ಎಂಬುದಕ್ಕೆ.

ನಮ್ಮೂರು ಆನೆಗೊಂದಿ ಸೀಮೆಯದು. ತುಂಗಭದ್ರೆಯ ಈ ದಂಡೆಯಲ್ಲಿ ನಿಂತರೆ ಆ ದಂಡೆಯ ಹಂಪಿಯ ಗುಡ್ಡಗಳು ಕೈಗೆ ಸಿಕ್ಕಂತೆ ಕಾಣುತ್ತವೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ಇಲ್ಲಿಗೆ ಬಂದಿದ್ದ. ಗುಡ್ಡ ಹತ್ತಿ ನೋಡಿದರೂ ಪಟ್ಟಣ ಪೂರಾ ಕಣ್ಣಿಗೆ ಸಿಗಲಿಲ್ಲ, ಕಂಡಷ್ಟೇ ರೋಮ್ ನಗರದಷ್ಟು ದೊಡ್ಡದಿತ್ತು ಎಂದು ಬರೆದಿದ್ದಾನೆ. ಲಕ್ಷಕ್ಕೂ ಮೇಲ್ಪಟ್ಟು ಮನೆಗಳಿವೆ ಎಂದು ಜನ ಹೇಳುತ್ತಾರೆ, ಮನೆಗಳೆಲ್ಲ ಒಂದೇ ಅಂತಸ್ತಿನವು, ಚಪ್ಪಟೆ ಮಾಳಿಗೆಯವು ಎಂದೂ ಬರೆದಿದ್ದಾನೆ. ಅಂದರೆ ಅಷ್ಟು ದೊಡ್ಡ ಪಟ್ಟಣದಲ್ಲೂ ಸಾಮಾನ್ಯ ಜನ ಮೇಲೆ ಕಟ್ಟದೆ ಅಡ್ಡಡ್ಡ ಹರಡಿಕೊಂಡೇ ಬಾಳಿದರು.

ನಮ್ಮ ಕಡೆಯ ದಂಡೆಯ ಬಗ್ಗೆಯೂ ಅವನ ಮಾತಿದೆ. ಆನೆಗೊಂದಿ ಹಿಂದೆ ರಾಜಧಾನಿಯಾಗಿತ್ತಂತೆ, ಈಗ ಅಲ್ಲಿ ಜನ ಕಡಿಮೆ, ದಾಟಲು ಬುಟ್ಟಿಯಂಥ ದುಂಡು ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಮಂದಿ ಕೂಡಬಹುದು, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂದು ಬರೆದಿಟ್ಟ. ಅದು ನಮ್ಮ ಹರಿಗೋಲೇ! ತಳವಾರಘಟ್ಟದಲ್ಲಿ ಅದರಲ್ಲೇ ಕೂತು ಸಂತೆಗೆ ಹೋದವರು ನಮ್ಮ ಸದಸ್ಯರಲ್ಲಿ ಇನ್ನೂ ಇದ್ದಾರೆ. 1565ರ ಯುದ್ಧದ ನಂತರ ಆ ದಂಡೆಯ ಲಕ್ಷ ಮನೆಗಳು ಮಣ್ಣಾದವು. ಕಲ್ಲಿನ ಗುಡಿ ಉಳಿದವು, ಮಣ್ಣಿನ ಮನೆ ಉಳಿಯಲಿಲ್ಲ. ಆದರೆ ಆ ಮನೆ ಕಟ್ಟುವ ರೀತಿ ಮಾತ್ರ ಈ ಭಾಗದ ಓಣಿಗಳಲ್ಲಿ ಉಳಿದುಕೊಂಡು ಬಂತು ಅಂತ ನಮ್ಮ ತಿಳುವಳಿಕೆ.

ಆ ರೀತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ, ಏಕೆಂದರೆ ಈಗಿನ ಹುಡುಗರಿಗೆ ಅದರ ಹೆಸರುಗಳೂ ಗೊತ್ತಿಲ್ಲ. ನಮ್ಮಲ್ಲಿ ಮನೆಯನ್ನು ಚದರಡಿಯಲ್ಲಿ ಅಳೆಯುತ್ತಿರಲಿಲ್ಲ, ಅಂಕಣದಲ್ಲಿ ಅಳೆಯುತ್ತಿದ್ದರು. ಕಂಬಕ್ಕೂ ಕಂಬಕ್ಕೂ ನಡುವಿನ ಜಾಗವೇ ಅಂಕಣ. ಐದಂಕಣದ ಮನೆ, ಎಂಟಂಕಣದ ಮನೆ ಎಂದರೆ ಆ ಮನೆತನದ ತೂಕ ತಿಳಿಯುತ್ತಿತ್ತು. ಹೊರಗೆ ಕಟ್ಟೆ, ಒಳಗೆ ದನ ಕಟ್ಟುವ ಜಾಗ, ಅದಕ್ಕಿಂತ ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಹಿಂದೆ ಅಡಿಗೆಮನೆ, ಬಚ್ಚಲು, ಹಿತ್ತಲು. ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಸಣ್ಣ ಕಟ್ಟಿಗೆ ಹಾಸಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಬೆಳಕಿಗೆ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಎಂಥದ್ದು ಅಂತ ಹೇಳಬೇಕಿಲ್ಲ. ಮಧ್ಯಾಹ್ನ ಆ ಪಡಸಾಲೆಯಲ್ಲಿ ಮೈ ಚಾಚಿದರೆ ಫ್ಯಾನು ನೆನಪಾಗುವುದಿಲ್ಲ. ರಾತ್ರಿ ಮಾಳಿಗೆ ಮೇಲೆ ಹಾಸಿಗೆ. ಹಗಲು ಅದೇ ಮಾಳಿಗೆ ಮೇಲೆ ಮೆಣಸಿನಕಾಯಿ, ಹಪ್ಪಳ, ಸಂಡಿಗೆ.

ಇಲ್ಲಿ ಒಂದು ವಿಷಯ ಮುಖ್ಯ. ಈ ಮನೆಯಲ್ಲಿ ಭಾರ ಹೊರುವುದು ಹೆಚ್ಚಾಗಿ ಕಟ್ಟಿಗೆಯ ಕಂಬ. ಅದರ ಮೇಲೆ ಎರಡನೇ ಅಂತಸ್ತು ಏರಿಸಲು ಬರುವುದಿಲ್ಲ. ಹೀಗಾಗಿ ಮೇಲೆ ಕಟ್ಟುತ್ತೇನೆ ಎಂದರೆ ಇದ್ದದ್ದನ್ನು ಬುಡಸಮೇತ ಕೆಡವಲೇಬೇಕು. ಸಭೆಯಲ್ಲಿ ಕೆಲವರು “ಹಳೇದು ಇರಲಿ, ಮ್ಯಾಲೆ ಎರಡು ರೂಮು ಹಾಕ್ಕೊಳ್ಳಲಿ” ಎಂದಿದ್ದು ಇದನ್ನು ತಿಳಿಯದೆ ಆಡಿದ ಮಾತು.

ಓಣಿ ಇಕ್ಕಟ್ಟಾಗಿದ್ದು ನಮ್ಮ ಕಣ್ಣೆದುರಿಗೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ರಾಯರ ಕಾಲದ ಕಾಲುವೆಗಳ ಜೊತೆಗೆ ಹೊಸ ಕಾಲುವೆಗಳೂ ಬಂದು ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ಊರು ಬಿಟ್ಟು ಹೋಗುವವರು ಕಡಿಮೆಯಾದರು, ಮನೆಗಳಲ್ಲಿ ಮಕ್ಕಳು ಮೊಮ್ಮಕ್ಕಳು ಹೆಚ್ಚಾದರು. ಅಣ್ಣತಮ್ಮಂದಿರು ಬೇರೆಯಾದಾಗ ಪಡಸಾಲೆಯ ನಡುವೆ ಗೋಡೆ ಎದ್ದಿತು. ಒಂದು ಬಾಗಿಲಿದ್ದಲ್ಲಿ ಎರಡಾದವು. ದನ ಕಟ್ಟುವ ಜಾಗ ಅಡಿಗೆಮನೆಯಾಯಿತು, ಹಿತ್ತಲಲ್ಲಿ ತಗಡಿನ ಚಪ್ಪರ ಬಂತು. ಹೊರಗಿನಿಂದ ನೋಡಿದವರಿಗೆ ಓಣಿ ಹಳೇದೇ ಕಂಡರೂ ಒಳಗೆ ಒಲೆಗಳು ಎರಡು ಮೂರು ಪಟ್ಟಾಗಿದ್ದವು.

ಇನ್ನು ಕಾಯಿದೆಯ ಇತಿಹಾಸ. 1986ರಲ್ಲಿ ಯುನೆಸ್ಕೊದವರು ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. 1992ರ ಜೂನ್ 16ರಂದು ಕೇಂದ್ರ ಸರ್ಕಾರದ ಅಧಿಸೂಚನೆ ಬಂತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರಲ್ಲಿ ಇದನ್ನು ಕಾಯಿದೆಯಲ್ಲೇ ಸೇರಿಸಿ ಬಿಗಿ ಮಾಡಿದರು. ಮೊದಲಿನ ವರ್ತುಲದಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಇಲ್ಲ. 1992ರ ಆ ತಾರೀಖಿಗೆ ಮುಂಚೆ ಇದ್ದ ಮನೆಯನ್ನು ಅರ್ಜಿ ಹಾಕಿಕೊಂಡು ದುರಸ್ತಿ, ನವೀಕರಣ ಮಾಡಿಸಬಹುದು. ಎರಡನೇ ವರ್ತುಲದಲ್ಲಿ ಅನುಮತಿ ಪಡೆದು ಕಟ್ಟಬಹುದು, ಎತ್ತರಕ್ಕೆ ಮಿತಿ ಇರುತ್ತದೆ. ಇದರ ಜೊತೆಗೆ ರಾಜ್ಯ ಸರ್ಕಾರದ 2002ರ ಕಾಯಿದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ನದಿಯ ಎರಡೂ ದಂಡೆಯ 29 ಹಳ್ಳಿಗಳು ಅದರ ವ್ಯಾಪ್ತಿಗೆ ಬಂದವು.

ಆನೆಗೊಂದಿ ಸೇತುವೆಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಸೇತುವೆಯಿಂದ ಪರಂಪರೆಗೆ ಧಕ್ಕೆ ಎಂದು 1999ರಲ್ಲಿ ಹಂಪಿ ಅಪಾಯದ ಪಟ್ಟಿಗೆ ಹೋಯಿತು, 2006ರಲ್ಲಿ ಹೊರಗೆ ಬಂತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು ಕೆಲಸಗಾರರು ಜೀವ ಕಳೆದುಕೊಂಡರು. ಆಮೇಲೆ ಬುಕ್ಕಸಾಗರ–ಕಡೇಬಾಗಿಲು ಸೇತುವೆಯಾಗಿ ನಮ್ಮ ಓಡಾಟ ಹಗುರಾಯಿತು.

ಆದರೆ ನಮ್ಮ ಓಣಿಯ ಎದೆ ಒಡೆದದ್ದು 2011ರ ಜುಲೈ ಕೊನೆಯಲ್ಲಿ. ವಿರೂಪಾಕ್ಷ ಗುಡಿಯ ಮುಂದಿನ ಹಂಪಿ ಬಜಾರದ ಸಾಲುಮಂಟಪಗಳಲ್ಲಿ ಕಲ್ಲುಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಜನ ದಶಕಗಳಿಂದ ಬಾಳಿದ್ದರು. ಅಂಗಡಿ, ಖಾನಾವಳಿ, ಮನೆ ಎಲ್ಲ ಅಲ್ಲೇ. ಜೆಸಿಬಿ ಬಂದು ಅವನ್ನೆಲ್ಲ ಕೆಡವಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಬದಲಿ ಜಾಗ ಕಡ್ಡಿರಾಂಪುರದ ಹತ್ತಿರ ಎಂದಾಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. ಗುಡಿಯೊಳಗೆ ಮನೆ ಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಐಹೊಳೆಯಲ್ಲಿ ಲಾಡಖಾನ ಎಂಬಾತ ವಾಸವಿದ್ದ ಗುಡಿಗೆ ಇಂದಿಗೂ ಅವನ ಹೆಸರೇ ನಿಂತಿದೆ. ನಮ್ಮ ಓಣಿಯದು ಆ ತರಹದ್ದಲ್ಲ, ಇವು ಪಿತ್ರಾರ್ಜಿತ ಮನೆಗಳು, ಪಂಚಾಯ್ತಿಯಲ್ಲಿ ಖಾತೆ ಇವೆ, ಕಂದಾಯ ಕಟ್ಟಿದ ರಸೀದಿ ಇವೆ. ಆದರೂ ಬಜಾರ ಬಿದ್ದ ದಿನದಿಂದ ನಮ್ಮವರು ಅಳತೆ ಟೇಪು ಹಿಡಿದವರು ಯಾರೇ ಬಂದರೂ ಕಟ್ಟೆಯಿಂದ ಎದ್ದು ನಿಲ್ಲುತ್ತಾರೆ.

ಇಂಥ ಹೊತ್ತಿನಲ್ಲಿ ಸಂಘಕ್ಕೆ ಒಂದು ಅರ್ಜಿ ಬಂತು. ಕೋಟೆ ಓಣಿಯ ಎಂಟಂಕಣದ ಮನೆ, ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಒಂದೇ ಬಚ್ಚಲು. ಮನೆ ಕೆಡವಿ ಮೂರು ಅಂತಸ್ತು ಕಟ್ಟುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು, ಕೃಷಿಯೇತರ ಸಾಲ ಕೊಡಿ ಎಂದು ಕೇಳಿದರು. ಅರ್ಜಿಯ ಬೆನ್ನಿಗೆ ಅದೇ ಓಣಿಯಿಂದ ಇನ್ನೂ ಹಲವರು ಕೊಡಲು ಕಾದು ನಿಂತಿದ್ದರು. ಹೀಗಾಗಿ ಅದು ಒಂದು ಮನೆಯ ಪ್ರಶ್ನೆಯಾಗಿ ಉಳಿಯಲಿಲ್ಲ.

ಸಭೆ ರಾತ್ರಿಯವರೆಗೆ ನಡೆಯಿತು. ಚಹಾ ಮೂರು ಸಲ ಬಂತು. ಹಿರಿಯರೊಬ್ಬರು ಎದ್ದು, “ಎಂಟಡಿ ಓಣಿಯಾಗ ಎರಡೂ ಕಡೆ ಮೂರು ಮೂರು ಮಜಲಿ ಎದ್ರ ಕೆಳಗಿದ್ದವ್ರು ಹಗಲೊತ್ತು ದೀಪ ಹಚ್ಚಬೇಕಾಕ್ಕತಿ. ಒಬ್ಬರ ಅಂಗಳ ಇನ್ನೊಬ್ಬರ ಕಣ್ಣಿಗೆ ಬೀಳ್ತತಿ. ನಮ್ಮ ಅಪ್ಪಗಳಿಗೆ ಕಟ್ಟಾಕ ಬರ್ತಿದ್ದಿಲ್ಲೇನು?” ಎಂದರು. ಅದಕ್ಕೆ ಆ ಮನೆಯ ಸಣ್ಣ ಸೊಸೆ, ಆಕೆಯೂ ನಮ್ಮ ಸದಸ್ಯೆಯೇ, ಹಿಂದಿನ ಸಾಲಿನಿಂದ ಹೇಳಿದ್ದು: “ಮಾವಾರ, ನಿಮಗ ಅದು ಇತಿಹಾಸ ಇದ್ದೀತು. ನಮಗ ಅದು ಸೋರೋ ಮನಿ. ಬಾಣಂತಿ ಆದಾಗ ಮಳಿಗಾಲದಾಗ ಮೂರು ಸಲ ಹಾಸಿಗಿ ಜಾಗ ಬದಲ್ ಮಾಡೀನಿ.” ಸಭೆ ಸುಮ್ಮನಾಯಿತು. ಓಣಿಯ ಚೆಲುವಿನ ಬಗ್ಗೆ ಮಾತಾಡುವ ನಾವೆಲ್ಲ ಬಹುತೇಕ ಗಂಡಸರು, ಅದರಲ್ಲೂ ಕೆಲವರು ಓಣಿ ಬಿಟ್ಟು ಹೊಲದ ಮನೆ ಕಟ್ಟಿಕೊಂಡವರು. ಇದನ್ನು ನಾವು ಇಲ್ಲಿ ಬರೆಯದಿದ್ದರೆ ತಪ್ಪಾದೀತು.

ಊರ ಹೊರಗೆ ಕಟ್ಟಿಕೊಳ್ಳಿ ಎಂಬ ಮಾತೂ ಬಂತು. ಆಗ ಸಂಘದ ಮಾಜಿ ಅಧ್ಯಕ್ಷರು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಊರ ಹೊರಗೆ ಇರೋದು ಏನು? ಒಂದು ಕಡೆ ಬಂಡೆ, ಒಂದು ಕಡೆ ಹೊಳೆ, ಉಳಿದದ್ದೆಲ್ಲ ಗದ್ದೆ. ಎರಡು ಬೆಳೆ ಬರುವ ಕಾಲುವೆ ನೀರಿನ ಭೂಮಿ. ಬೆಳೆಸಾಲ ಕೊಡುವ ಸಂಘವೇ ಗದ್ದೆಗೆ ಮಣ್ಣು ಸುರಿದು ಪ್ಲಾಟು ಮಾಡಲಿಕ್ಕೂ ಸಾಲ ಕೊಡಬೇಕೇ? ಊರು ಮೇಲಕ್ಕೆ ಬೆಳೆಯದಿದ್ದರೆ ಅಡ್ಡಕ್ಕೆ ಬೆಳೆಯುತ್ತದೆ, ಅಡ್ಡಕ್ಕೆ ಬೆಳೆದರೆ ಭತ್ತ ಹೋಗುತ್ತದೆ. ಈ ಮಾತಿಗೆ ನಮ್ಮಲ್ಲಿ ಕೆಲವರ ಮನಸ್ಸು ತಿರುಗಿತು ಎಂದು ಒಪ್ಪಿಕೊಳ್ಳುತ್ತೇವೆ.

ಇನ್ನೊಂದು ಅನುಮಾನ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿತ್ತು. ಅಂಜನಾದ್ರಿಗೆ ಬರುವ ಯಾತ್ರಿಕರ ಸಂಖ್ಯೆ ಈಚಿನ ವರ್ಷಗಳಲ್ಲಿ ಬಹಳ ಏರಿದೆ. ಮೂರು ಅಂತಸ್ತು ಏಳುವುದು ಮಕ್ಕಳಿಗೋ, ಬಾಡಿಗೆ ರೂಮಿಗೋ? ಸಾಲ ಕೇಳಿದ ಅಣ್ಣ ನೇರವಾಗಿಯೇ ಹೇಳಿದ, “ಒಂದು ರೂಮು ಬಾಡಿಗಿಗೆ ಕೊಟ್ರ ನಿಮ್ಮ ಕಂತು ಕಟ್ಟಾಕ ಅನುಕೂಲ ಆಕ್ಕತ್ರೀ, ಸುಳ್ಳು ಯಾಕ ಹೇಳ್ಲಿ?” ನಮಗೆ ಅವನ ಪ್ರಾಮಾಣಿಕತೆ ಹಿಡಿಸಿತು, ಆದರೆ ಗಡ್ಡೆಯಲ್ಲಿ ಆದದ್ದೂ ಹೀಗೆ ಒಂದೊಂದೇ ರೂಮಿನಿಂದಲೇ ಅಲ್ಲವೇ ಅಂತಲೂ ಅನ್ನಿಸಿತು.

ಕೊನೆಗೆ ಸಂಘದ ಲೆಕ್ಕವೇ ದಾರಿ ತೋರಿಸಿತು. ಅನುಮತಿ ಇಲ್ಲದ ಕಟ್ಟಡ ನಾಳೆ ಬಿದ್ದರೆ ಅಡಮಾನವೂ ಬಿದ್ದಂತೆ. ಅದು ಸದಸ್ಯರ ಠೇವಣಿಯ ದುಡ್ಡು. ಆದ್ದರಿಂದ ನೂರು ಮೀಟರಿನೊಳಗೆ ದುರಸ್ತಿಗೆ ಮಾತ್ರ ಸಾಲ, ಅದೂ ಅನುಮತಿ ಪತ್ರ ಇದ್ದರೆ. ಅದರಾಚೆಗೆ ಓಣಿಗೆ ಮುಖವಾದ ಕಟ್ಟೆ, ಪಡಸಾಲೆ ಉಳಿಸಿಕೊಂಡು ಹಿತ್ತಲ ಕಡೆ ನೆಲ ಮಜಲು ಮತ್ತು ಒಂದು ಮಜಲು ಕಟ್ಟುವುದಾದರೆ, ಅನುಮತಿ ತಂದ ಮೇಲೆ ಸಾಲ ಪರಿಶೀಲಿಸುವುದು ಎಂದು ಠರಾವಾಯಿತು. ಕೈ ಎತ್ತಿದವರು ಹೆಚ್ಚಿದ್ದರು, ಎತ್ತದವರೂ ಕಡಿಮೆಯೇನಿರಲಿಲ್ಲ. ಬಾಡಿಗೆ ರೂಮಿನ ವಿಷಯ ಮುಂದಿನ ಸಭೆಗೆ ಹೋಯಿತು.

ಆ ಮೂವರ ಮನೆ ಅಳತೆ ಹಿಡಿದಾಗ ನೂರು ಮೀಟರಿನ ಗೆರೆಯ ಆಚೆಗೆ ಬಂತು. ಹೊಸ ನಕ್ಷೆ ಮಾಡಿಸಿ ಅರ್ಜಿ ಹಾಕಿದ್ದಾರೆ. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಉತ್ತರ ಬಂದಿಲ್ಲ. ನಡುವಿನವನು ಹೆಂಡತಿ ಮಕ್ಕಳ ಸಮೇತ ಗಂಗಾವತಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ, ಗದ್ದೆಗೆ ದಿನಾ ಬೈಕಿನಲ್ಲಿ ಬಂದು ಹೋಗುತ್ತಾನೆ.

ಈ ಸಲ ಮುಂಗಾರಿಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವ ದಿನ ಅವನೂ ಬಂದಿದ್ದ. ಆ ಮಣ್ಣಿನ ಹದ ಗೊತ್ತಿದ್ದವರು ಓಣಿಯಲ್ಲಿ ಈಗ ಒಬ್ಬರೇ ಅಜ್ಜ; ಅವರಿಗೆ ಮೇಲೆ ಹತ್ತಲು ಆಗುವುದಿಲ್ಲ. ಅವರು ಕೆಳಗೆ ಕಟ್ಟೆ ಮೇಲೆ ಕೂತು, ಎಲ್ಲಿ ಎಷ್ಟು ಹಾಕಬೇಕು, ಯಾವ ಕಡೆ ಇಳಿಜಾರು ಕೊಡಬೇಕು ಎಂದು ಕೂಗಿ ಹೇಳುತ್ತಿದ್ದರು. ಮೇಲೆ ಮೂವರೂ ಅಣ್ಣತಮ್ಮಂದಿರು ಸಾಲಾಗಿ ನಿಂತು ಮಣ್ಣು ಬಡಿಯುತ್ತಿದ್ದರು.